ಎಲ್ಲಾ ಬಾಂಡ್‌ಗೂ ಒಳ್ಳೆ ರೇಟಿಂಗ್ ಇದ್ದ ಮೇಲೆ ಫಂಡ್ ಮ್ಯಾನೇಜರ್ ಮಾಡುವ ಕೆಲಸ ಏನು?

ಪ್ರಶ್ನೆಗಳೇ_ಜಾಸ್ತಿ

ಎಲ್ಲರಿಗೂ ನಮಸ್ಕಾರ. ನನ್ನ ಉಳಿತಾಯದ ಒಂದು ಭಾಗ ಇನ್ವೆಸ್ಟ್‌ಮೆಂಟ್ ಗ್ರೇಡ್ ಬಾಂಡ್ ಫಂಡ್‌ನಲ್ಲಿದೆ, ಅಂದರೆ ಸಾಲ ತೀರಿಸುವ ಶಕ್ತಿಗೆ ಒಳ್ಳೇ ರೇಟಿಂಗ್ ಸಿಕ್ಕವರ ಸಾಲಪತ್ರಗಳನ್ನು ಕೊಳ್ಳುವ ಫಂಡ್. ನೆಮ್ಮದಿಗೆ ಅಂತ ಹಾಕಿದ ದುಡ್ಡು. ಮೊನ್ನೆ ಅದರ ಫ್ಯಾಕ್ಟ್‌ಶೀಟ್ ಕೂತು ಓದಿದೆ. ನೂರಾರು ಬಾಂಡ್‌ಗಳ ಪಟ್ಟಿ. ಒಂದೇ ಕಂಪನಿಯ ನಾಲ್ಕೈದು ಬಾಂಡ್ ಇವೆ, ಅವಧಿ ಬೇರೆ, ಬಡ್ಡಿ ಬೇರೆ. ಎಲ್ಲಕ್ಕೂ ಬಿಬಿಬಿ ಮೈನಸ್ (ಇನ್ವೆಸ್ಟ್‌ಮೆಂಟ್ ಗ್ರೇಡ್‌ನ ಕೊನೇ ಮೆಟ್ಟಿಲು) ಅಥವಾ ಅದಕ್ಕಿಂತ ಮೇಲಿನ ರೇಟಿಂಗ್.

ಯಾವುದು ಗಟ್ಟಿ, ಯಾವುದು ಅಲ್ಲ ಅಂತ ರೇಟಿಂಗ್ ಏಜೆನ್ಸಿಗಳು ಹೇಳಿಯಾಗಿದೆ. ಹಾಗಿದ್ದ ಮೇಲೆ ಮ್ಯಾನೇಜರ್ ಯಾವ ಆಧಾರದ ಮೇಲೆ ಆರಿಸುತ್ತಾರೆ? ಕೊಂಡ ಮೇಲೆ ದಿನವೂ ಏನು ಮಾಡುತ್ತಾರೆ? ಇನ್ನೊಂದು: 2022ರಲ್ಲಿ ಈ ಫಂಡ್‌ನ ಒಂದು ಬಾಂಡೂ ಮುಳುಗಲಿಲ್ಲ, ಆದರೂ ಎನ್‌ಎವಿ (ಫಂಡ್‌ನ ಒಂದು ಯೂನಿಟ್‌ನ ಬೆಲೆ) ಜೋರಾಗಿ ಬಿತ್ತು. ಅದು ಹೇಗೆ? ಸುಮ್ನೆ "ರಿಸ್ಕ್ ಇದ್ದೇ ಇರುತ್ತದೆ" ಅನ್ನದೆ ಯಾರಾದರೂ ಬಿಡಿಸಿ ಹೇಳಿ.

ಡ್ಯುರೇಷನ್6

ಕೊನೇ ಪ್ರಶ್ನೆಗೆ ಮೊದಲು ಉತ್ತರ. ಬಾಂಡ್‌ಗೆ ಎರಡು ಅಪಾಯ. ಒಂದು, ಸಾಲ ತೆಗೆದುಕೊಂಡವರು ಕೊಡದೇ ಹೋಗಬಹುದು. ಇನ್ನೊಂದು, ಮಾರುಕಟ್ಟೆಯಲ್ಲಿ ಬಡ್ಡಿ ಏರಬಹುದು. ರೇಟಿಂಗ್ ಮಾತಾಡುವುದು ಮೊದಲನೆಯದರ ಬಗ್ಗೆ ಮಾತ್ರ.

2022ರ ಮಾರ್ಚ್ ಶುರುವಿನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಬಡ್ಡಿ ದರ ಸೊನ್ನೆಯ ಹತ್ತಿರ ಇತ್ತು. ಡಿಸೆಂಬರ್ ಹೊತ್ತಿಗೆ 4.25–4.50% ಆಯಿತು. ಆ ವರ್ಷ ಅಲ್ಲಿನ ಬಾಂಡ್ ಮಾರುಕಟ್ಟೆಯ ಅಳತೆಗೋಲಾದ ಬ್ಲೂಮ್‌ಬರ್ಗ್ ಯುಎಸ್ ಅಗ್ರಿಗೇಟ್ ಇಂಡೆಕ್ಸ್ ಸುಮಾರು 13% ಇಳಿಯಿತು. ಆ ಇಂಡೆಕ್ಸ್‌ನ ಬಹುಪಾಲು ಸರ್ಕಾರಿ ಬಾಂಡ್ ಮತ್ತು ಸರ್ಕಾರದ ಬೆಂಬಲ ಇರುವ ಬಾಂಡ್‌ಗಳೇ. ಯಾರೂ ಕೈ ಎತ್ತಲಿಲ್ಲ. ಆದರೂ ಬೆಲೆ ಬಿತ್ತು. ಹೊಸ ಬಾಂಡ್ 5% ಕೊಡುವಾಗ ನಿಮ್ಮ ಹಳೇ 2% ಬಾಂಡನ್ನು ಯಾರಾದರೂ ಪೂರ್ತಿ ಬೆಲೆಗೆ ಯಾಕೆ ಕೊಳ್ಳುತ್ತಾರೆ?

ಫ್ಯಾಕ್ಟ್‌ಶೀಟ್‌ನಲ್ಲಿ ಡ್ಯುರೇಷನ್ ಅಂತ ಒಂದು ಸಂಖ್ಯೆ ಇರುತ್ತದೆ. ಅದು 6 ಇದ್ದರೆ, ಬಡ್ಡಿ 1% ಏರಿದಾಗ ಬೆಲೆ ಸುಮಾರು 6% ಇಳಿಯುತ್ತದೆ. 1% ಇಳಿದರೆ ಸುಮಾರು 6% ಏರುತ್ತದೆ.

ಮಂದಗತಿ

ಡ್ಯುರೇಷನ್ ಅಂದರೆ ದುಡ್ಡು ವಾಪಸ್ ಬರುವುದಕ್ಕೆ ಹಿಡಿಯುವ ಸರಾಸರಿ ಕಾಲ ಅಲ್ವಾ? ನೀವು ಬೆಲೆ ಏರಿಳಿತ ಅಂತಿದ್ದೀರಿ.

ಡ್ಯುರೇಷನ್6

ಎರಡೂ ಸರಿ. ಬರಬೇಕಾದ ಪ್ರತಿ ಕಂತನ್ನೂ ಇವತ್ತಿನ ಬೆಲೆಗೆ ಇಳಿಸಿ, ಅದರ ತೂಕದ ಮೇಲೆ ಲೆಕ್ಕ ಹಾಕಿದ ಸರಾಸರಿ ಕಾಲವನ್ನು ಮೆಕಾಲೆ ಡ್ಯುರೇಷನ್ ಅನ್ನುತ್ತಾರೆ. ಅದನ್ನೇ ಸ್ವಲ್ಪ ತಿದ್ದಿದರೆ ಬೆಲೆ ಎಷ್ಟು ಅಲ್ಲಾಡುತ್ತದೆ ಅನ್ನುವ ಸಂಖ್ಯೆ ಸಿಗುತ್ತದೆ. ಫಂಡ್‌ನವರಿಗೆ ದಿನವೂ ಬೇಕಾಗುವುದು ಎರಡನೆಯದು.

ಇದರ ಅತಿರೇಕ ನೋಡಬೇಕಾದರೆ ಆಸ್ಟ್ರಿಯಾ ಸರ್ಕಾರ 2020ರಲ್ಲಿ ಹೊರಡಿಸಿದ 100 ವರ್ಷದ ಬಾಂಡ್ ನೋಡಿ. ಬಡ್ಡಿ 0.85%, ಅಸಲು ವಾಪಸ್ ಬರುವುದು 2120ಕ್ಕೆ. ಯುರೋಪಿನಲ್ಲಿ ಬಡ್ಡಿ ಏರಿದ ಮೇಲೆ ಅದರ ಬೆಲೆ ಮುಖಬೆಲೆಯ ಅರ್ಧಕ್ಕಿಂತ ಕೆಳಗೆ ಹೋಯಿತು. ಆಸ್ಟ್ರಿಯಾ ಸಾಲ ತೀರಿಸುವುದಿಲ್ಲ ಅಂತ ಯಾರಿಗೂ ಅನುಮಾನ ಇರಲಿಲ್ಲ.

ಸಾಲದಲೆಕ್ಕ

ನಾನು ತುಂಬ ಕಾಲ ಕ್ರೆಡಿಟ್ ಅನಾಲಿಸಿಸ್ ಮಾಡಿದವನು. ಆಯ್ಕೆಯ ಬಗ್ಗೆ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಸರ್ಕಾರಿ ಬಾಂಡ್‌ಗಿಂತ ಕಂಪನಿ ಬಾಂಡ್ ವರ್ಷಕ್ಕೆ 1% ಜಾಸ್ತಿ ಕೊಡುತ್ತದೆ ಅಂತಿಟ್ಟುಕೊಳ್ಳಿ. ಈ ಹೆಚ್ಚುವರಿಗೆ ಸ್ಪ್ರೆಡ್ ಅನ್ನುತ್ತಾರೆ. ಆ ಕಂಪನಿ ದಿವಾಳಿಯಾದರೆ ಎಷ್ಟು ವಾಪಸ್ ಬರುತ್ತದೆ? ಒತ್ತೆ ಇಲ್ಲದ ಹಿರಿಯ ಸಾಲಕ್ಕೆ (ಕಿರಿಯ ಸಾಲಕ್ಕಿಂತ ಮೊದಲು ತೀರಿಸಬೇಕಾದದ್ದು) ಮಾರುಕಟ್ಟೆಯವರು ರೂಢಿಯಾಗಿ ನೂರಕ್ಕೆ 40 ಅಂತ ಹಿಡಿಯುತ್ತಾರೆ. ಅಂದರೆ 60 ಹೋಯಿತು. ಒಂದು ಬಾಂಡ್ ಮುಳುಗಿದರೆ ಅದರಂಥ 60 ಬಾಂಡ್‌ಗಳ ಒಂದು ವರ್ಷದ ಸ್ಪ್ರೆಡ್ ಕೊಚ್ಚಿಹೋಗುತ್ತದೆ. ಷೇರಿನಲ್ಲಿ ಒಂದು ಆಯ್ಕೆ ಹತ್ತು ಪಟ್ಟಾಗಿ ಉಳಿದ ತಪ್ಪುಗಳನ್ನು ಮುಚ್ಚಬಹುದು. ಬಾಂಡ್‌ನಲ್ಲಿ ಅದಿಲ್ಲ. ಕಂಪನಿ ಎಷ್ಟೇ ಚೆನ್ನಾಗಿ ನಡೆದರೂ ನಿಮಗೆ ಬರುವುದು ಬಡ್ಡಿ ಮತ್ತು ಅಸಲು, ಅಷ್ಟೇ. ಹಾಗಾಗಿ ನಮ್ಮ ಕೆಲಸದಲ್ಲಿ ಗೆಲ್ಲುವವರನ್ನು ಹುಡುಕುವುದಕ್ಕಿಂತ ಮುಳುಗುವವರನ್ನು ಬಿಡುವುದು ಮುಖ್ಯ.

ಇದಕ್ಕೇ ಒಂದು ಕಂಪನಿಗೆ ಇಷ್ಟೇ ಅಂತ ಮಿತಿ ಇಡುತ್ತಾರೆ. ಹಲವು ಫಂಡ್‌ಗಳಲ್ಲಿ ಅದು ಒಟ್ಟು ಹಣದ 1–2%ರ ಆಸುಪಾಸು. ಬಿಬಿಬಿ ಕಂಪನಿಗೆ ಇನ್ನೂ ಕಡಿಮೆ. 1% ಹಾಕಿದ ಕಂಪನಿ ಮುಳುಗಿ 60% ಹೋದರೂ ಫಂಡ್‌ಗೆ ತಗಲುವ ಪೆಟ್ಟು 0.6%. ನೂರಾರು ಬಾಂಡ್ ಇವೆ ಅಂದಿದ್ದಿರಲ್ಲ, ಕಾರಣ ಇದು.

ಆಮೇಲೆ ಕಂಪನಿ ಓದುವುದು. ಲಾಭಕ್ಕಿಂತ ನಾವು ಕೈಗೆ ಬರುವ ನಗದು ನೋಡುತ್ತೇವೆ. ಬಡ್ಡಿ ಕಟ್ಟುವುದಕ್ಕೆ ಬೇಕಾದ್ದರ ಎಷ್ಟು ಪಟ್ಟು ಗಳಿಕೆ ಇದೆ? ಯಾವ ಸಾಲ ಯಾವ ವರ್ಷ ತೀರಬೇಕು? ಒಂದೇ ವರ್ಷದಲ್ಲಿ ದೊಡ್ಡ ಮೊತ್ತ ಬಂದು ಕೂತಿದೆಯಾ? ಬ್ಯಾಂಕ್ ಸಾಲಕ್ಕೆ ಆಸ್ತಿ ಒತ್ತೆ ಇಟ್ಟಿದ್ದಾರಾ? ಹಾಗಿದ್ದರೆ ಬಾಂಡ್‌ನವರು ಹಿಂದಿನ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಬಾಂಡ್ ಹೊರಡಿಸಿದ್ದು ಮೇಲಿನ ಹೋಲ್ಡಿಂಗ್ ಕಂಪನಿಯೋ, ವ್ಯಾಪಾರ ನಡೆಸುವ ಕೆಳಗಿನ ಕಂಪನಿಯೋ? ಒಂದೇ ಗುಂಪಿನ ಹೆಸರಾದರೂ ಎರಡರ ಅಪಾಯ ಒಂದೇ ಅಲ್ಲ.

ಇಂಡೆಕ್ಸ್_ಸಾಕು

ಸಾರ್, ಇದನ್ನೆಲ್ಲ ರೇಟಿಂಗ್ ಏಜೆನ್ಸಿಯವರೂ ಮಾಡುತ್ತಾರಲ್ಲ. ಅದೇ ಕೆಲಸ ಇನ್ನೊಂದು ಸಲ ಮಾಡುವುದಕ್ಕೆ ನಾವು ಯಾಕೆ ಶುಲ್ಕ ಕಟ್ಟಬೇಕು?

ಸಾಲದಲೆಕ್ಕ

ಅಮೆರಿಕದ ಇಂಧನ ಕಂಪನಿ ಎನ್ರಾನ್ ಇನ್ವೆಸ್ಟ್‌ಮೆಂಟ್ ಗ್ರೇಡ್ ಕಳೆದುಕೊಂಡಿದ್ದು 2001ರ ನವೆಂಬರ್ 28ರಂದು. ದಿವಾಳಿ ಅರ್ಜಿ ಹಾಕಿದ್ದು ಡಿಸೆಂಬರ್ 2ಕ್ಕೆ. ಅಲ್ಲಿನ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ 2008ರ ಸೆಪ್ಟೆಂಬರ್ 15ರಂದು ಮುಳುಗುವಾಗಲೂ ಅದಕ್ಕೆ ಎ ದರ್ಜೆಯ ರೇಟಿಂಗ್ ಇತ್ತು. ರೇಟಿಂಗ್ ಬದಲಾಗುವ ಹೊತ್ತಿಗೆ ಬೆಲೆ ಬಿದ್ದಾಗಿರುತ್ತದೆ.

ಏಜೆನ್ಸಿಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರು ದೀರ್ಘಕಾಲದ ಚಿತ್ರ ನೋಡುತ್ತಾರೆ, ವಾರಕ್ಕೊಂದು ಸಲ ರೇಟಿಂಗ್ ಬದಲಿಸುವುದು ಅವರ ಉದ್ದೇಶವೇ ಅಲ್ಲ. ನಾವು ಮಾತ್ರ ಮುಂದಿನ ಮೂರು ತಿಂಗಳ ಫಲಿತಾಂಶಕ್ಕೂ ತಲೆ ಕೆಡಿಸಿಕೊಳ್ಳಬೇಕು. ಒಂದು ಕಂಪನಿಯ ನೆನಪಿದೆ, ಹೆಸರು ಬೇಡ. ಲಾಭ ಏರುತ್ತಿತ್ತು, ನಗದು ಬರುತ್ತಿರಲಿಲ್ಲ, ಗಿರಾಕಿಗಳಿಂದ ಬರಬೇಕಾದ ಬಾಕಿ ಮಾತ್ರ ಬೆಳೆಯುತ್ತಲೇ ಇತ್ತು. ರೇಟಿಂಗ್ ಸ್ಥಿರ ಅಂತಲೇ ಇತ್ತು. ನಾವು ಸ್ವಲ್ಪ ಸ್ವಲ್ಪವಾಗಿ ಮಾರಿ ಹೊರಬಂದೆವು. ಡೌನ್‌ಗ್ರೇಡ್ ಬಂದಿದ್ದು ತುಂಬ ತಡವಾಗಿ.

ನಿವೃತ್ತ_ಗುಮಾಸ್ತ

ರೇಟಿಂಗ್‌ಗೆ ದುಡ್ಡು ಕೊಡುವುದು ಬಾಂಡ್ ಹೊರಡಿಸುವ ಕಂಪನಿಯೇ ಅಲ್ವಾ? ಅಲ್ಲೇ ಇದೆ ತೊಂದರೆ.

ಹಳೇ_ಡೀಲರ್

ಹೌದು. ಆದರೆ ಶುರುವಿನಿಂದಲೂ ಹಾಗಿರಲಿಲ್ಲ. ಜಾನ್ ಮೂಡಿ 1909ರಲ್ಲಿ ಅಮೆರಿಕದ ರೈಲ್ವೆ ಬಾಂಡ್‌ಗಳಿಗೆ ಅಕ್ಷರದ ರೇಟಿಂಗ್ ಕೊಟ್ಟಾಗ ಪುಸ್ತಕ ಮಾಡಿ ಹೂಡಿಕೆದಾರರಿಗೆ ಮಾರುತ್ತಿದ್ದರು. ಕಂಪನಿಗಳಿಂದ ಶುಲ್ಕ ಪಡೆಯುವುದು ಶುರುವಾಗಿದ್ದು 1970ರ ದಶಕದಲ್ಲಿ.

ಇನ್ನೊಂದು ತಿಳಿದಿರಲಿ. ದೊಡ್ಡ ರೇಟಿಂಗ್ ಏಜೆನ್ಸಿಗಳು ಮೂರು. ಎಸ್ ಅಂಡ್ ಪಿ ಮತ್ತು ಫಿಚ್‌ನ ಬಿಬಿಬಿ ಮೈನಸ್, ಮೂಡೀಸ್‌ನ ಬಿಎಎ3, ಇವು ಇನ್ವೆಸ್ಟ್‌ಮೆಂಟ್ ಗ್ರೇಡ್‌ನ ಕೊನೇ ಮೆಟ್ಟಿಲು. ಮೂವರೂ ಒಂದೇ ಮಾತು ಹೇಳಬೇಕೆಂದಿಲ್ಲ. ಬ್ಲೂಮ್‌ಬರ್ಗ್ ಇಂಡೆಕ್ಸ್‌ಗಳಲ್ಲಿ ಮೂರು ರೇಟಿಂಗ್ ಇದ್ದರೆ ನಡುವಿನದನ್ನು ತೆಗೆದುಕೊಳ್ಳುತ್ತಾರೆ. ನಿಮ್ಮ ಫಂಡ್ ಯಾವುದನ್ನು ಹಿಡಿಯುತ್ತದೆ ಅನ್ನುವುದನ್ನು ಅದರ ದಾಖಲೆಯಲ್ಲೇ ನೋಡಬೇಕು. ಮೂರರಲ್ಲಿ ಮೇಲಿನದನ್ನೇ ಹಿಡಿಯುವ ಫಂಡ್‌ಗೆ ಜಾಗ ಜಾಸ್ತಿ ಸಿಗುತ್ತದೆ.

ಇಂಡೆಕ್ಸ್_ಸಾಕು

ಸರಿ, ರೇಟಿಂಗ್ ತಡ ಅಂತ ಒಪ್ಪೋಣ. ಆದರೂ ಇಂಡೆಕ್ಸ್‌ನಲ್ಲಿ ಇರುವುದನ್ನೇ ಕೊಳ್ಳುವ, ಸಾವಿರಾರು ಬಾಂಡ್ ಇರುವ ಇಂಡೆಕ್ಸ್ ಫಂಡ್‌ನಲ್ಲಿ ಒಂದು ಮುಳುಗಿದರೆ ಗೊತ್ತೇ ಆಗುವುದಿಲ್ಲ. ಶುಲ್ಕವೂ ಕಡಿಮೆ. 5% ಇಳುವರಿಯಲ್ಲಿ (ಹಾಕಿದ ದುಡ್ಡಿಗೆ ವರ್ಷಕ್ಕೆ ಬರುವ ಗಳಿಕೆ) 0.8% ಶುಲ್ಕ ಹೋದರೆ ಆರನೇ ಒಂದು ಭಾಗ ಹೋದ ಹಾಗೆ. ಷೇರು ಫಂಡ್‌ಗಿಂತ ಇಲ್ಲಿ ಶುಲ್ಕದ ಭಾರ ಜಾಸ್ತಿ. ಇದನ್ನು ಯಾರೂ ಹೇಳುವುದಿಲ್ಲ.

ಕೂಪನ್_ಕಾವಲು

ಶುಲ್ಕದ ಮಾತು ನೂರಕ್ಕೆ ನೂರು ನಿಜ. ಆದರೆ ಬಾಂಡ್ ಇಂಡೆಕ್ಸ್ ಹೇಗೆ ಕಟ್ಟುತ್ತಾರೆ ನೋಡಿ. ಷೇರು ಇಂಡೆಕ್ಸ್‌ನಲ್ಲಿ ಬೆಲೆ ಬಾಳುವ ಕಂಪನಿಗೆ ಜಾಸ್ತಿ ತೂಕ. ಬಾಂಡ್ ಇಂಡೆಕ್ಸ್‌ನಲ್ಲಿ ಜಾಸ್ತಿ ಸಾಲ ಮಾಡಿದವರಿಗೆ ಜಾಸ್ತಿ ತೂಕ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವುದಕ್ಕೆ ರಾಶಿ ಬಾಂಡ್ ಹೊರಡಿಸಿದರೆ, ಇಂಡೆಕ್ಸ್ ಫಂಡ್ ಅದನ್ನು ಕಣ್ಣುಮುಚ್ಚಿ ಕೊಳ್ಳಬೇಕು. ಸಾಲ ಏರಿದ್ದಕ್ಕೇ ಅದರ ಪಾಲು ಏರುತ್ತದೆ. ಮ್ಯಾನೇಜರ್ ಇರುವ ಫಂಡ್ ಅಲ್ಲಿ ಬೇಡ ಅನ್ನಬಹುದು.

ಇಂಡೆಕ್ಸ್_ಸಾಕು

ಅನ್ನಬಹುದು. ಅನ್ನುತ್ತಾರಾ? ಇಂಡೆಕ್ಸ್‌ಗಿಂತ ಹಿಂದೆ ಬಿದ್ದರೆ ಕೆಲಸ ಹೋಗುತ್ತದೆ ಅಂತ ಎಲ್ಲರೂ ಇಂಡೆಕ್ಸ್‌ಗೆ ಅಂಟಿಕೊಂಡೇ ಇರುತ್ತಾರೆ. ಮೀರಿಸಿದ್ದೇವೆ ಅಂತ ತೋರಿಸುವ ಹಲವರು ಸರ್ಕಾರಿ ಬಾಂಡ್ ಕಡಿಮೆ ಮಾಡಿ ಬಿಬಿಬಿ ಬಾಂಡ್ ಜಾಸ್ತಿ ಇಟ್ಟಿರುತ್ತಾರೆ. ಒಳ್ಳೇ ವರ್ಷಗಳಲ್ಲಿ ಅದು ಜಾಣತನದ ಹಾಗೆ ಕಾಣುತ್ತದೆ. ಸ್ಪ್ರೆಡ್ ಹಿಗ್ಗಿದ ವರ್ಷ ಅದೇ ಫಂಡ್ ಮೊದಲು ಬೀಳುತ್ತದೆ.

ಸಾಲದಲೆಕ್ಕ

ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಸಾಮರ್ಥ್ಯ ಅಳೆಯಬೇಕಾದರೆ ಅದೇ ರೇಟಿಂಗ್, ಅದೇ ಡ್ಯುರೇಷನ್ ಇರುವ ಇಂಡೆಕ್ಸ್ ಜೊತೆ ಹೋಲಿಸಬೇಕು. ಇಲ್ಲದಿದ್ದರೆ ಅಪಾಯ ಜಾಸ್ತಿ ತೆಗೆದುಕೊಂಡಿದ್ದಕ್ಕೆ ಬಹುಮಾನ ಕೊಟ್ಟ ಹಾಗಾಗುತ್ತದೆ.

ಪ್ರಶ್ನೆಗಳೇ_ಜಾಸ್ತಿ

ಒಂದು ಬಾಂಡ್ ಬಿಬಿಬಿ ಮೈನಸ್‌ನಿಂದ ಕೆಳಗೆ ಬಿದ್ದರೆ ಫಂಡ್ ಅವತ್ತೇ ಮಾರಬೇಕಾ?

ಹಳೇ_ಡೀಲರ್

ಅದು ಫಂಡ್‌ನ ನಿಯಮದ ಮೇಲೆ ಹೋಗುತ್ತದೆ. ಕೆಲವು ಫಂಡ್‌ಗಳು ಗಡುವಿನೊಳಗೆ ಮಾರಲೇಬೇಕು. ಕೆಲವು ಒಂದು ಮಿತಿಯವರೆಗೆ ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳುವ ಹಾಗಿಲ್ಲ. ಇಂಡೆಕ್ಸ್ ಫಂಡ್‌ಗೆ ತಿಂಗಳ ಕೊನೆಯ ಮರುಜೋಡಣೆಯಲ್ಲಿ ಆ ಬಾಂಡ್ ಹೊರಗೆ ಹೋಗುತ್ತದೆ, ಹಾಗಾಗಿ ಮಾರಬೇಕಾಗುತ್ತದೆ. ಹೀಗೆ ಬಿದ್ದ ಬಾಂಡ್‌ಗಳಿಗೆ ಮಾರುಕಟ್ಟೆಯಲ್ಲಿ ಫಾಲನ್ ಏಂಜಲ್ ಅನ್ನುತ್ತಾರೆ.

2005ರ ಮೇ ತಿಂಗಳಲ್ಲಿ ಎಸ್ ಅಂಡ್ ಪಿ ಒಂದೇ ದಿನ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಎರಡನ್ನೂ ಕೆಳಗಿಳಿಸಿತು. ಮೇಲ್ದರ್ಜೆಯ ಮಾರುಕಟ್ಟೆಯಿಂದ ಕೆಳದರ್ಜೆಯ ಮಾರುಕಟ್ಟೆಗೆ ಅಷ್ಟು ದೊಡ್ಡ ಸಾಲ ಒಮ್ಮೆಗೇ ಹೋದರೆ ಕೊಳ್ಳುವವರು ಎಲ್ಲಿಂದ ಬರಬೇಕು? ಎಲ್ಲರೂ ಮಾರಲೇಬೇಕಾದ ಹೊತ್ತಿನಲ್ಲಿ ನೀವೂ ಮಾರಿದರೆ ಸಿಗುವುದು ಅತಿ ಕೆಟ್ಟ ಬೆಲೆ. ಒಳ್ಳೇ ಮ್ಯಾನೇಜರ್ ಒಂದೋ ಮೊದಲೇ ಹೊರಗಿರುತ್ತಾರೆ, ಇಲ್ಲವೇ ಗದ್ದಲ ತಣ್ಣಗಾಗುವವರೆಗೆ ಇಟ್ಟುಕೊಳ್ಳುವ ಅನುಮತಿ ಮೊದಲೇ ಬರೆಸಿಕೊಂಡಿರುತ್ತಾರೆ.

ಫೋರ್ಡ್ ಮುಂದೆ ಚೇತರಿಸಿಕೊಂಡಿತು, 2020ರ ಮಾರ್ಚ್‌ನಲ್ಲಿ ಮತ್ತೆ ಬಿತ್ತು, 2023ರ ಅಕ್ಟೋಬರ್‌ನಲ್ಲಿ ಎಸ್ ಅಂಡ್ ಪಿ ಪುನಃ ಬಿಬಿಬಿ ಮೈನಸ್ ಕೊಟ್ಟಿತು. ತಳದ ಬೆಲೆಗೆ ಮಾರಿದವರಿಗೂ ಇಟ್ಟುಕೊಂಡವರಿಗೂ ಎಷ್ಟು ವ್ಯತ್ಯಾಸ ನೋಡಿ.

ಮಂದಗತಿ

2020ರ ಮಾರ್ಚ್‌ನಲ್ಲಿ ಫೋರ್ಡ್ ಇರಲಿ, ಒಳ್ಳೇ ಕಂಪನಿಗಳ ಬಾಂಡ್ ಕೊಳ್ಳುವವರೂ ಇರಲಿಲ್ಲ ಅಂತ ಓದಿದ ನೆನಪು.

ಹಳೇ_ಡೀಲರ್

ಸರಿಯಾಗಿದೆ. ಬಾಂಡ್‌ಗಳಲ್ಲಿ ಬಹುತೇಕ ವ್ಯವಹಾರ ಷೇರಿನ ಹಾಗೆ ಎಕ್ಸ್‌ಚೇಂಜ್‌ನಲ್ಲಿ ನಡೆಯುವುದಿಲ್ಲ. ಡೀಲರ್‌ಗಳ ಹತ್ತಿರ ಬೆಲೆ ಕೇಳಬೇಕು. ಎಷ್ಟೋ ಬಾಂಡ್‌ಗಳು ವಾರಗಟ್ಟಲೆ ಕೈ ಬದಲಿಸುವುದೇ ಇಲ್ಲ. ಅವತ್ತು ಎಲ್ಲರಿಗೂ ನಗದು ಬೇಕಾಗಿತ್ತು. ಮಾರ್ಚ್ 23ರಂದು ಫೆಡರಲ್ ರಿಸರ್ವ್ ಕಂಪನಿ ಬಾಂಡ್ ಕೊಳ್ಳುತ್ತೇವೆ ಅಂದಿತು. ಏಪ್ರಿಲ್ 9ಕ್ಕೆ, ಮಾರ್ಚ್ 22ರವರೆಗೆ ಮೇಲ್ದರ್ಜೆಯಲ್ಲಿದ್ದು ಆಮೇಲೆ ಒಂದಿಷ್ಟು ಕೆಳಗೆ ಬಿದ್ದವನ್ನೂ ಸೇರಿಸಿತು. ಅವರು ಕೊಳ್ಳಲು ಶುರು ಮಾಡುವ ಮೊದಲೇ, ಬರೀ ಆ ಮಾತಿನಿಂದ ಸ್ಪ್ರೆಡ್ ಇಳಿಯತೊಡಗಿತು.

ಅದಕ್ಕೇ ಫಂಡ್‌ನಲ್ಲಿ ಒಂದಿಷ್ಟು ನಗದು, ಒಂದಿಷ್ಟು ಸರ್ಕಾರಿ ಬಾಂಡ್ ಇಟ್ಟಿರುತ್ತಾರೆ. ಅದು ನಿದ್ದೆ ಮಾಡುವ ದುಡ್ಡಲ್ಲ. ಜನ ವಾಪಸ್ ಕೇಳಿದಾಗ ಸುಲಭಕ್ಕೆ ಮಾರುವುದು ಅದನ್ನೇ. ಆದರೆ ಬರೀ ಅದನ್ನೇ ಮಾರುತ್ತಾ ಹೋದರೆ ಉಳಿದ ಹೂಡಿಕೆದಾರರ ಪಾಲಿಗೆ ಮಾರಲಾಗದ ಬಾಂಡ್‌ಗಳೇ ಉಳಿಯುತ್ತವೆ. ಹಾಗಾಗಿ ಎಲ್ಲದರಲ್ಲೂ ಒಂದೊಂದು ಚೂರು ಮಾರುವುದು ನ್ಯಾಯ, ಕಷ್ಟವಾದರೂ ಸರಿ.

ಕೂಪನ್_ಕಾವಲು

ಒಂದು ವಿಷಯ ಯಾರೂ ಎತ್ತಲಿಲ್ಲ. ಕಂಪನಿ ಚೆನ್ನಾಗಿದ್ದರೂ ಬಾಂಡ್‌ನವರಿಗೆ ಪೆಟ್ಟು ಬೀಳಬಹುದು. 1988ರಲ್ಲಿ ಆರ್‌ಜೆಆರ್ ನಬಿಸ್ಕೋ ಕಂಪನಿಯನ್ನು ಸಾಲದ ದುಡ್ಡಿನಲ್ಲಿ ಕೊಂಡುಕೊಳ್ಳುವ ಮಾತು ಬಂತು. ಷೇರು ಜಿಗಿಯಿತು. ಬಾಂಡ್ ಬೆಲೆ ಕುಸಿಯಿತು. ಗಟ್ಟಿ ಕಂಪನಿಗೆ ಕೊಟ್ಟ ಸಾಲ ರಾತ್ರೋರಾತ್ರಿ ಸಾಲದಲ್ಲಿ ಮುಳುಗಿದ ಕಂಪನಿಗೆ ಕೊಟ್ಟ ಸಾಲವಾಗಿಬಿಟ್ಟಿತು. ಆ ಬಾಂಡ್‌ಗಳನ್ನು ಇಟ್ಟುಕೊಂಡಿದ್ದ ವಿಮಾ ಕಂಪನಿ ಮೆಟ್‌ಲೈಫ್ ಕೋರ್ಟಿಗೆ ಹೋಯಿತು. ಕೋರ್ಟ್ ಹೇಳಿದ್ದು ಇಷ್ಟೇ: ಅಂಥ ರಕ್ಷಣೆ ಕರಾರಿನಲ್ಲಿ ಇಲ್ಲ.

ಈಗ ಹಲವು ಬಾಂಡ್‌ಗಳಲ್ಲಿ ಒಂದು ಷರತ್ತು ಇರುತ್ತದೆ. ಕಂಪನಿಯ ಒಡೆತನ ಬದಲಾಗಿ, ರೇಟಿಂಗ್ ಕೂಡ ಇನ್ವೆಸ್ಟ್‌ಮೆಂಟ್ ಗ್ರೇಡ್‌ನಿಂದ ಕೆಳಗೆ ಬಿದ್ದರೆ, ಬಾಂಡನ್ನು ಮುಖಬೆಲೆ 100ಕ್ಕೆ 101ರ ಬೆಲೆಯಲ್ಲಿ ಕಂಪನಿಗೇ ವಾಪಸ್ ಕೊಡಬಹುದು. ಕೆಲವದರಲ್ಲಿ ರೇಟಿಂಗ್ ಒಂದು ಮೆಟ್ಟಿಲು ಇಳಿದರೆ ಬಡ್ಡಿ 0.25% ಏರುತ್ತದೆ. ಒಂದೇ ಕಂಪನಿಯ ಎರಡು ಬಾಂಡ್‌ಗಳಲ್ಲಿ ಒಂದಕ್ಕೆ ಈ ಷರತ್ತು ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ನೂರಾರು ಪುಟದ ಕರಾರು ಓದುವ ಮ್ಯಾನೇಜರ್‌ಗೆ ನಾನು ಸಂತೋಷದಿಂದ ಶುಲ್ಕ ಕೊಡುತ್ತೇನೆ.

ನಿವೃತ್ತ_ಗುಮಾಸ್ತ

ನಾನು ನೋಡುವುದು ಇಳುವರಿ. ಒಂದೇ ಬಗೆಯ ಎರಡು ಫಂಡ್‌ನಲ್ಲಿ ಯಾವುದರ ಇಳುವರಿ ಜಾಸ್ತಿ ಇದೆಯೋ ಅದು ಒಳ್ಳೇದು. ಇದರಲ್ಲಿ ಏನು ತಪ್ಪು?

ಸಾಲದಲೆಕ್ಕ

ದಯವಿಟ್ಟು ಹಾಗೆ ಮಾಡಬೇಡಿ ಸಾರ್. ಜಾಸ್ತಿ ಇಳುವರಿ ಎಲ್ಲಿಂದ ಬಂತು ಅಂತ ಮೊದಲು ನೋಡಿ. ಉದ್ದದ ಅವಧಿಯಿಂದಲಾ, ಬಿಬಿಬಿ ಬಾಂಡ್‌ಗಳಿಂದಲಾ, ಮಾರಲು ಕಷ್ಟವಾದ ಸಣ್ಣ ಬಾಂಡ್‌ಗಳಿಂದಲಾ, ಹಿಂದಿನ ಸಾಲಿನಲ್ಲಿ ನಿಲ್ಲುವ ಸಾಲದಿಂದಲಾ?

2023ರ ಮಾರ್ಚ್‌ನಲ್ಲಿ ಕ್ರೆಡಿಟ್ ಸ್ವೀಸ್ ಬ್ಯಾಂಕನ್ನು ಯುಬಿಎಸ್ ಕೊಂಡಾಗ, ಸುಮಾರು 1,600 ಕೋಟಿ ಸ್ವಿಸ್ ಫ್ರಾಂಕ್‌ನ ಎಟಿ1 ಬಾಂಡ್‌ಗಳು (ಬ್ಯಾಂಕ್ ಕಷ್ಟಕ್ಕೆ ಬಿದ್ದಾಗ ನಷ್ಟ ಹೊರಬೇಕಾದ ಬಾಂಡ್‌ಗಳು) ಸೊನ್ನೆಯಾದವು. ಅದೇ ಬ್ಯಾಂಕಿನ ಹಿರಿಯ ಬಾಂಡ್‌ಗಳು ಯುಬಿಎಸ್ ಜೊತೆ ಮುಂದುವರಿದವು. ಬ್ಯಾಂಕ್ ಒಂದೇ, ಬಾಂಡ್ ಬೇರೆ, ಗತಿಯೂ ಬೇರೆ. ಫಂಡ್‌ನ ಹೆಸರಿನಲ್ಲಿ ಇನ್ವೆಸ್ಟ್‌ಮೆಂಟ್ ಗ್ರೇಡ್ ಅಂತ ಇದ್ದರೂ ನೂರಕ್ಕೆ ನೂರು ಅದೇ ಇರಬೇಕೆಂದಿಲ್ಲ. ಅಮೆರಿಕದ ನಿಯಮದಲ್ಲಿ ಹೆಸರಿಗೆ ತಕ್ಕ ಹೂಡಿಕೆ ಕನಿಷ್ಠ 80% ಇರಬೇಕು. ಉಳಿದ 20%ರಲ್ಲಿ ಏನಿದೆ ಅನ್ನುವುದು ನೋಡಬೇಕಾದ ವಿಷಯ.

ನಿವೃತ್ತ_ಗುಮಾಸ್ತ

ಹಾಗಾದರೆ ಫಂಡೇ ಬೇಡ. ನಾಲ್ಕು ಒಳ್ಳೇ ಬಾಂಡ್ ನೇರವಾಗಿ ಕೊಂಡು ಕೊನೇವರೆಗೆ ಇಟ್ಟುಕೊಂಡರೆ ಅಸಲು ಬಂದೇ ಬರುತ್ತದೆ. ಬಡ್ಡಿ ಏರಿದರೂ ನನಗೇನು?

ಡ್ಯುರೇಷನ್6

ಮುಳುಗದಿದ್ದರೆ ಬರುತ್ತದೆ. ಆದರೆ ನಾಲ್ಕೇ ಬಾಂಡ್ ಇದ್ದು ಒಂದು ಮುಳುಗಿದರೆ? ಮೇಲೆ 60ರ ಲೆಕ್ಕ ಇದೆ, ನೋಡಿ. ಕಾಲು ಭಾಗ ದುಡ್ಡಿಗೆ ಆ ಪೆಟ್ಟು ಬಿದ್ದರೆ ಒಟ್ಟು 15% ಹೋಯಿತು.

ಇನ್ನೊಂದು, ಬಡ್ಡಿ ಏರಿದಾಗ ಫಂಡ್‌ಗೆ ಬರೀ ನಷ್ಟ ಅಲ್ಲ. ಹಳೇ ಬಾಂಡ್‌ಗಳಿಂದ ಬಂದ ಬಡ್ಡಿ, ತೀರಿದ ಅಸಲು ಎರಡೂ ಹೊಸ ಜಾಸ್ತಿ ಬಡ್ಡಿಯ ಬಾಂಡ್‌ಗೆ ಹೋಗುತ್ತವೆ. ಇಳುವರಿ 1.5%, ಡ್ಯುರೇಷನ್ 6 ಇದ್ದರೆ ಬಡ್ಡಿ ಕಾಲು ಪರ್ಸೆಂಟ್ ಏರಿದರೆ ಸಾಕು, ವರ್ಷದ ಗಳಿಕೆ ಕರಗುತ್ತದೆ. 2022ಕ್ಕೆ ಮೊದಲು ಸ್ಥಿತಿ ಹೆಚ್ಚುಕಡಿಮೆ ಹಾಗೇ ಇತ್ತು. ಇಳುವರಿ 5% ಇದ್ದರೆ ಅದೇ ಡ್ಯುರೇಷನ್‌ಗೆ 0.8%ಗೂ ಸ್ವಲ್ಪ ಜಾಸ್ತಿ ಏರಿಕೆ ತಡೆದುಕೊಳ್ಳಬಹುದು. ಒಂದನ್ನು ಇನ್ನೊಂದರಿಂದ ಭಾಗಿಸಿ, ಅಷ್ಟೇ.

ಮಂದಗತಿ

ಬಡ್ಡಿ ಏರುತ್ತದೆ ಅಂತ ಅನ್ನಿಸಿದರೆ ಮ್ಯಾನೇಜರ್ ಎಲ್ಲಾ ಉದ್ದದ ಬಾಂಡ್ ಮಾರಿಬಿಡಬಹುದಲ್ಲ?

ಹಳೇ_ಡೀಲರ್

ಮಾರಬೇಕೆಂದೇ ಇಲ್ಲ. ಸರ್ಕಾರಿ ಬಾಂಡ್‌ನ ಫ್ಯೂಚರ್ಸ್ (ಮುಂದೊಂದು ದಿನದ ವ್ಯವಹಾರಕ್ಕೆ ಈಗಲೇ ಬೆಲೆ ಕಟ್ಟುವ ಒಪ್ಪಂದ) ಮಾರಿದರೆ ಡ್ಯುರೇಷನ್ ಇಳಿಯುತ್ತದೆ, ಆರಿಸಿದ ಕಂಪನಿ ಬಾಂಡ್‌ಗಳು ಹಾಗೇ ಉಳಿಯುತ್ತವೆ. ಆದರೆ ನನಗೆ ಗೊತ್ತಿರುವ ಎಚ್ಚರದ ಮ್ಯಾನೇಜರ್‌ಗಳು ಬಡ್ಡಿಯ ಮೇಲೆ ದೊಡ್ಡ ಪಣ ಕಟ್ಟುವುದಿಲ್ಲ. ಇಂಡೆಕ್ಸ್‌ನ ಡ್ಯುರೇಷನ್‌ಗಿಂತ ಒಂದು ವರ್ಷ ಆಚೆ ಈಚೆ, ಅದರೊಳಗೇ ಆಡುತ್ತಾರೆ. ಕಂಪನಿ ಓದಿ ಗಳಿಸಿದ್ದನ್ನು ಬಡ್ಡಿಯ ಊಹೆಯಲ್ಲಿ ಕಳೆದುಕೊಳ್ಳುವುದು ಅವರಿಗೆ ಬೇಡ.

ಪ್ರಶ್ನೆಗಳೇ_ಜಾಸ್ತಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಫ್ಯಾಕ್ಟ್‌ಶೀಟ್ ಮತ್ತೆ ತೆಗೆದು ನೋಡಿದೆ. ಡ್ಯುರೇಷನ್ 6.4, ಬಿಬಿಬಿ ಭಾಗ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಅತಿ ದೊಡ್ಡ ಕಂಪನಿಯ ಪಾಲು 1.3%. ಇಳುವರಿಗೆ ಎರಡು ಸಂಖ್ಯೆ ಕೊಟ್ಟಿದ್ದಾರೆ. ಒಂದು ಮೆಚ್ಯೂರಿಟಿವರೆಗಿನದು, ಇನ್ನೊಂದು ಯೀಲ್ಡ್ ಟು ವರ್ಸ್ಟ್. ಎರಡನೆಯದು ಸ್ವಲ್ಪ ಕಡಿಮೆ. ಯಾವುದನ್ನು ನಂಬಬೇಕು?

ಕೂಪನ್_ಕಾವಲು

ಎರಡನೆಯದನ್ನು. ಕೆಲವು ಬಾಂಡ್‌ಗಳನ್ನು ಕಂಪನಿ ಗಡುವಿಗೆ ಮೊದಲೇ ತೀರಿಸಬಹುದು. ಬಡ್ಡಿ ಇಳಿದಾಗ ಹಾಗೆ ಮಾಡುತ್ತಾರೆ, ನಿಮ್ಮ ಜಾಸ್ತಿ ಬಡ್ಡಿಯ ಬಾಂಡ್ ಕೈತಪ್ಪುತ್ತದೆ. ಹಾಗೆ ನಿಮಗೆ ಅನನುಕೂಲವಾದ ದಿನ ತೀರಿಸಿದರೆ ಎಷ್ಟು ಸಿಗುತ್ತದೆ ಅನ್ನುವುದೇ ಆ ಸಂಖ್ಯೆ. ಎರಡರ ನಡುವೆ ಅಂತರ ಜಾಸ್ತಿ ಇದ್ದರೆ ಫಂಡ್‌ನಲ್ಲಿ ಅಂಥ ಬಾಂಡ್ ಜಾಸ್ತಿ ಇವೆ ಅಂತ ಅರ್ಥ. ಒಂದು ಮಾತು ನೆನಪಿರಲಿ, ಕಂಪನಿ ಮುಳುಗಿದರೆ ಏನು ಅನ್ನುವುದು ಆ ಲೆಕ್ಕದಲ್ಲಿ ಸೇರಿಲ್ಲ. ನಿಮ್ಮ ಫಂಡ್‌ನಲ್ಲಿ ಅಂತರ ಎಷ್ಟಿದೆ?

ಪ್ರಶ್ನೆಗಳೇ_ಜಾಸ್ತಿ

0.1%.

ಕೂಪನ್_ಕಾವಲು

ಅದು ಸಣ್ಣದೇ. ಆ 20%ರ ಭಾಗದಲ್ಲಿ ಏನಿದೆ ಅಂತ ಪೂರ್ತಿ ಪಟ್ಟಿಯಲ್ಲಿ ನೋಡಿ, ಬೇಕಾದರೆ ಇಲ್ಲೇ ಹಾಕಿ.